ಗಿರಣಿ ಗೋಡೆಯ ಕರಿಹಲಗೆ

ಗಿರಣಿಯಣ್ಣ ಆ ಸೋಮವಾರ ಹೇಳಿದ್ದು ಸುಳ್ಳು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಒಬ್ಬ ಹೆಂಗಸಿನ ಕಾಟ ತಡೆಯಲಾರದೆ ಮನುಷ್ಯ ಬಾಯಿಗೆ ಬಂದದ್ದನ್ನು ಹೇಳಿದರೆ ಅದಕ್ಕೆ ಸುಳ್ಳು ಅನ್ನಬಾರದು, ಆತ್ಮರಕ್ಷಣೆ ಅನ್ನಬೇಕು. ಇದನ್ನು ನಾನು ಅಧಿಕಾರದಿಂದ ಹೇಳಬಲ್ಲೆ. ಯಾಕೆಂದರೆ ನಾನು ಗಿರಣಿಯ ಎದುರಿನ ಜೆರಾಕ್ಸ್ ಅಂಗಡಿಯವನು. ದಿನಕ್ಕೆ ಎರಡು ಗಂಟೆ ಕರೆಂಟು ಬರುವ ಊರಿನಲ್ಲಿ, ಅದೂ ಯಾವ ಎರಡು ಗಂಟೆ ಅಂತ ಯಾರಿಗೂ ಗೊತ್ತಿರದ ಊರಿನಲ್ಲಿ, ಜೆರಾಕ್ಸ್ ಅಂಗಡಿ ಇಟ್ಟವನಿಗೆ ಎದುರಿನವರನ್ನು ನೋಡುವುದೇ ಮುಖ್ಯ ಕಸುಬು. ಜೆರಾಕ್ಸು ಏನಿದ್ದರೂ ಬಿಡುವಿನ ಹವ್ಯಾಸ.

ಗಿರಣಿಯ ಮುಂದೆ ಸಾಲು ಇರುತ್ತಿತ್ತು. ಮನುಷ್ಯರ ಸಾಲಲ್ಲ, ಡಬ್ಬಗಳ ಸಾಲು. ಕಾಳು ತುಂಬಿದ ಡಬ್ಬವನ್ನು ಸಾಲಿನ ಕೊನೆಗೆ ಇಟ್ಟು ಮನೆಗೆ ಹೋದರೆ ಮುಗಿಯಿತು, ಪಾಳಿ ನಿಮ್ಮದೇ. ಎರಡು ದಿನವಾದರೂ ಯಾರೂ ಯಾರ ಡಬ್ಬವನ್ನೂ ಹಿಂದೆ ಸರಿಸುವುದಿಲ್ಲ. ನಮ್ಮ ಊರಿನಲ್ಲಿ ಜನ ಪಾಲಿಸುವ ಕಾನೂನು ಅಂತಿದ್ದರೆ ಇದೊಂದೇ. ಗಿರಣಿಯಣ್ಣ ಜನರನ್ನು ಗುರುತಿಸುತ್ತಿದ್ದದ್ದೂ ಡಬ್ಬದಿಂದಲೇ. ಒಮ್ಮೆ ಹಲ್ಲಿನ ಡಾಕ್ಟರು ಮಾರುಕಟ್ಟೆಯಲ್ಲಿ ಎದುರಾಗಿ ನಮಸ್ಕಾರ ಹೇಳಿದಾಗ ಈತ ಬೆಪ್ಪಾಗಿ ನಿಂತು, ಕೊನೆಗೆ ಮುಖವರಳಿಸಿ, “ಓಹೋ, ಮುಚ್ಚಳ ನೆಗ್ಗಿದ ಡಬ್ಬ ಅಲ್ವಾ ತಾವು!” ಅಂದಿದ್ದ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಇಡೀ ಗಿರಣಿಯಲ್ಲಿ ಪೆನ್ಸಿಲ್ ಹುಡುಕುವ ಪೈಕಿ. ಹುಬ್ಬಿನಿಂದ ಹಿಮ್ಮಡಿಯವರೆಗೆ ಹಿಟ್ಟು. ಕೆಮ್ಮಿದರೂ ಒಂದು ಚಿಟಿಕೆ ಹಿಟ್ಟು ಉದುರುತ್ತಿತ್ತು.

ಆ ಸೋಮವಾರ ಸಾಲಿನ ಮೊದಲ ಡಬ್ಬ ನೀಲಿ ಬಣ್ಣದ್ದು. ಅದರ ಒಡತಿ ನಮ್ಮ ಹಿಂದಿನ ಓಣಿಯ ಅತ್ತೆಮ್ಮ. ಮಗಳ ಮನೆಯಲ್ಲಿ ಇರುವವರು. ಅಳಿಯ ಯಾವುದೋ ಪಾಳಿಯ ನೌಕರಿಯಲ್ಲಿದ್ದಾನೆ ಅಂತಷ್ಟೇ ನಮಗೆ ಗೊತ್ತಿತ್ತು. ಆ ಬಡಪಾಯಿಯ ದನಿಯನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆಮ್ಮನ ದನಿಯನ್ನು ಕೇಳದವರೇ ಇರಲಿಲ್ಲ.

“ಕರೆಂಟ್ ಯಾವಾಗ ಬರುತ್ತೆ?” ಅಂತ ಬೆಳಿಗ್ಗೆ ಒಂಬತ್ತರಿಂದ ಆಕೆ ಹನ್ನೊಂದು ಸಲ ಕೇಳಿದ್ದರು. ನಾನೇ ಎಣಿಸಿದ್ದೆ. ಹನ್ನೆರಡನೆಯ ಸಲಕ್ಕೆ ಗಿರಣಿಯಣ್ಣನಿಗೆ ತಲೆ ಕೆಟ್ಟುಹೋಯಿತು.

“ಮೂರು ಗಂಟೆಗಮ್ಮಾ! ಮೂರಕ್ಕೆ ಸರಿಯಾಗಿ! ಈಗ ಮನೆಗೆ ಹೋಗಿ ಪುಣ್ಯ ಕಟ್ಕೊಳ್ಳಿ!”

ಅತ್ತೆಮ್ಮ ಹೋದರು. ಗಿರಣಿಯಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನೂ ನಕ್ಕೆ. ಮೂರು ಗಂಟೆಗೆ ಸರಿಯಾಗಿ ನನ್ನ ಅಂಗಡಿಯ ಫ್ಯಾನು ತಿರುಗಿತು.

ನಗು ಹಾಗೇ ನಿಂತಿತು. ಆಚೆ ಗಿರಣಿಯಣ್ಣ ದೆವ್ವ ಕಂಡವನಂತೆ ಬಲ್ಬನ್ನೇ ನೋಡುತ್ತ ನಿಂತಿದ್ದ. ಅತ್ತೆಮ್ಮ ಬಂದು, ಇದೇನೂ ದೊಡ್ಡ ವಿಷಯವಲ್ಲ ಎಂಬಂತೆ, “ಹೂಂ, ಹಾಕು, ನುಣ್ಣಗೆ ಬೀಸು” ಅಂದರು.

ಮಾರನೆಯ ದಿನ ಅತ್ತೆಮ್ಮ ಅಕ್ಕಿ ತಂದರು. ಮತ್ತೆ ಅದೇ ಪ್ರಶ್ನೆ. ಗಿರಣಿಯಣ್ಣ ಈ ಸಲ ಸ್ವಲ್ಪ ಗಂಭೀರವಾಗಿ ಆಕಾಶ ನೋಡಿ, “ನಾಲ್ಕೂಕಾಲು” ಅಂದ. ಕಾಲು ಗಂಟೆಯ ಲೆಕ್ಕ ಯಾಕೆ ಸೇರಿಸಿದ ಅಂತ ಆಮೇಲೆ ನಾನು ಕೇಳಿದ್ದಕ್ಕೆ, “ಬರೀ ನಾಲ್ಕು ಅಂದ್ರೆ ಊಹೆ ಅನ್ನಿಸುತ್ತೆ ಕಣೋ” ಅಂದ. ನಾಲ್ಕೂಕಾಲಿಗೆ ಕರೆಂಟು ಬಂತು. ಬುಧವಾರ ಅತ್ತೆಮ್ಮ ಕಡಲೆ ತಂದರು, ಈತ ಹನ್ನೆರಡೂವರೆ ಅಂದ, ಹನ್ನೆರಡೂವರೆಗೆ ಬಂತು.

ಬೀದಿ ಎದ್ದು ಕೂತಿತು.

ಮೊದಲು ಓಡಿಬಂದವರು ಹಲ್ಲಿನ ಡಾಕ್ಟರು. ಅವರ ಕಷ್ಟ ಅವರದು. ಹಲ್ಲನ್ನು ಅರ್ಧ ಕೊರೆದಾಗ ಕರೆಂಟು ಹೋಗಿ, ಒಬ್ಬ ರೋಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡು ಎರಡು ದಿನ ಅವರ ಬೆಂಚಿನ ಮೇಲೇ ಕಾದಿದ್ದ. ಮೂರನೆಯ ದಿನ ಅವನು ಬರಲೇ ಇಲ್ಲ, ಅವನ ಹೆಂಡತಿ ಬಂದು ಬೈದು ಹೋದಳು. “ಗಿರಣಿಯವರೇ, ನನಗೊಬ್ಬನಿಗೆ ಹೇಳಿ, ಯಾರಿಗೂ ಹೇಳಲ್ಲ. ನಿಮಗೆ ಮೇಲೆ ಯಾರು ಪರಿಚಯ?”

ಮನುಷ್ಯ ಹಾಳಾಗುವುದು ಇಂಥ ಗಳಿಗೆಯಲ್ಲೇ. “ಯಾರೂ ಇಲ್ಲ ಸ್ವಾಮಿ, ಬಾಯಿಗೆ ಬಂದದ್ದು ಹೇಳಿದೆ” ಅಂದಿದ್ದರೆ ಕಥೆ ಅಲ್ಲಿಗೇ ಮುಗಿದು ಎಲ್ಲರೂ ಸುಖವಾಗಿ ಕತ್ತಲಲ್ಲಿ ಇರುತ್ತಿದ್ದೆವು. ಆದರೆ ಗಿರಣಿಯಣ್ಣನಿಗೆ ಹುಟ್ಟಿದಾರಭ್ಯ ಯಾರೂ ‘ಗಿರಣಿಯವರೇ’ ಅಂತ ಬಹುವಚನದಲ್ಲಿ ಕರೆದಿರಲಿಲ್ಲ. ಅವನು ಮೈಮೇಲಿನ ಹಿಟ್ಟು ಕೊಡವಿ, ದನಿ ತಗ್ಗಿಸಿ, “ಅದನ್ನೆಲ್ಲಾ ಕೇಳ್ಬಾರದು ಡಾಕ್ಟ್ರೇ. ಮೇಲಿನವರ ವಿಷಯ” ಅಂದುಬಿಟ್ಟ.

ಅಷ್ಟು ಸಾಕಾಯಿತು. ಸಂಜೆಯೊಳಗೆ ‘ಮೇಲಿನವರು’ ಇವನ ದೂರದ ನೆಂಟರಾದರು. ರಾತ್ರಿ ಊಟದ ಹೊತ್ತಿಗೆ ಹತ್ತಿರದ ನೆಂಟರಾದರು. ಬೆಳಗಾಗುವುದರಲ್ಲಿ ಇವನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರಾದರು. ಡಾಕ್ಟರೇ ಒಂದು ಕರಿಹಲಗೆ ತಂದು ಗಿರಣಿಯ ಗೋಡೆಗೆ ಮೊಳೆ ಹೊಡೆಸಿದರು. ದಿನಾ ಬೆಳಿಗ್ಗೆ ಏಳಕ್ಕೆ ಗಿರಣಿಯಣ್ಣ ಸೀಮೆಸುಣ್ಣ ಹಿಡಿದು ಬರುತ್ತಿದ್ದ. ಒಗೆದ ಅಂಗಿ ಬೇರೆ! ಕಣ್ಣು ಅರೆ ಮುಚ್ಚಿ, ಆಕಾಶ ನೋಡಿ, ಗಂಟಲು ಸರಿಮಾಡಿಕೊಂಡು ಬರೆಯುತ್ತಿದ್ದ: ‘ಇಂದು ಎರಡರಿಂದ ನಾಲ್ಕು.’ ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿತ್ತು. ಹಾಲಿಗೆ ಹೊರಟ ಅತ್ತೆಮ್ಮ ಒಂದು ಗಳಿಗೆ ನಿಂತು ಓದಿ, ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಎರಡಕ್ಕೆ ಕರೆಂಟು ಬರುತ್ತಿತ್ತು, ನಾಲ್ಕಕ್ಕೆ ಹೋಗುತ್ತಿತ್ತು.

ನೀವು ನಂಬಬೇಕು, ಬೀದಿಗೆ ಜೀವ ಬಂದುಬಿಟ್ಟಿತು. ವೆಲ್ಡಿಂಗ್‌ನವನು ಆರು ತಿಂಗಳಿಂದ ಅರ್ಧ ಮಾಡಿಟ್ಟಿದ್ದ ಗೇಟು ಪೂರ್ತಿಯಾಯಿತು. ಅದನ್ನು ಮಾಡಿಸಿದ ಮನೆಯವರು ಅಷ್ಟು ದಿನ ಅರ್ಧ ಗೇಟನ್ನೇ ಶಿಸ್ತಾಗಿ ತೆಗೆದು ಮುಚ್ಚುತ್ತಿದ್ದರು. ಹಲ್ಲುಗಳು ಒಂದೇ ಸಲಕ್ಕೆ ಪೂರ್ತಿ ಕೊರೆಸಿಕೊಂಡವು. ನನ್ನ ಅಂಗಡಿಯಲ್ಲಿ ಮುಂದಿನ ಪುಟ ಮಾತ್ರ ಜೆರಾಕ್ಸ್ ಆಗಿ ಹಿಂದಿನ ಪುಟಕ್ಕೆ ಕಾಯುತ್ತಿದ್ದ ಅರ್ಜಿಗಳಿಗೆಲ್ಲ ಮುಕ್ತಿ ಸಿಕ್ಕಿತು. ಕರೆಂಟು ಹೆಚ್ಚೇನೂ ಬರುತ್ತಿರಲಿಲ್ಲ, ಅದೇ ಎರಡು ಗಂಟೆ. ಆದರೆ ಯಾವಾಗ ಅಂತ ಗೊತ್ತಾದರೆ ಎರಡು ಗಂಟೆಯಲ್ಲೂ ಎಷ್ಟು ಕೆಲಸ ಆಗುತ್ತದೆ ಅಂತ ನಮಗೆ ಮೊದಲ ಸಲ ತಿಳಿಯಿತು.

ಹೊಟ್ಟೆ ಉರಿದದ್ದು ಒಬ್ಬನಿಗೇ. ಅವನು ಗಿರಣಿಯಣ್ಣನ ಭಾಮೈದ. ಬೀದಿಯ ಕೊನೆಗೆ ಅವನ ಅಂಗಡಿ. ಬ್ಯಾಟರಿ, ಲಾಂದ್ರ, ಮೇಣದ ಬತ್ತಿ, ಜನರೇಟರು, ಒಟ್ಟಿನಲ್ಲಿ ಕತ್ತಲಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ. ಊರಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿಸಿದವನು ಅವನೊಬ್ಬನೇ. ಒಂದು ಮಧ್ಯಾಹ್ನ ಬಂದು ಕೈಮುಗಿದು ನಿಂತ.

“ಭಾವ, ಇದು ನ್ಯಾಯಾನಾ? ಒಂದು ವಾರದಿಂದ ಒಂದು ಮೇಣದ ಬತ್ತಿ ಹೋಗಿಲ್ಲ. ಜನ ಕತ್ತಲಾಗೋ ಹೊತ್ತನ್ನೂ ತಿಳ್ಕೊಂಡು ಅಡಿಗೆ ಮುಗಿಸಿಬಿಡ್ತಾರೆ. ನಿನ್ನ ಹಲಗೆ ಮೇಲೆ ವಾರಕ್ಕೆ ಎರಡು ದಿನ ‘ಇಲ್ಲ’ ಅಂತ ಬರೆಯೋಕೆ ಏನು ಕಷ್ಟ?”

“ಅದು ನನ್ನ ಕೈಲಿಲ್ಲಪ್ಪ,” ಎಂದ ಗಿರಣಿಯಣ್ಣ, ಎಲ್ಲಾ ತನ್ನ ಕೈಯಲ್ಲೇ ಇದೆ ಎಂಬ ಮುಖ ಮಾಡಿ.

“ಇರ್ಲಿ. ಎಷ್ಟು ದಿನ ನಡೆಯುತ್ತೋ ನಾನೂ ನೋಡ್ತೀನಿ. ನಿನಗೆ ಅಂತ ಒಂದು ಸ್ಟೂಲ್ ಇಟ್ಟೇ ಇದೀನಿ ನನ್ನ ಅಂಗಡೀಲಿ.”

ಈ ಸ್ಟೂಲಿನ ವಿಷಯ ಹೇಳಬೇಕು. ಗಿರಣಿ ಕಟ್ಟಿದ್ದು ಗಿರಣಿಯಣ್ಣನ ಅಪ್ಪ. ಎರಡು ವರ್ಷದಿಂದ ಅದು ಕುಂಟುತ್ತಿತ್ತು. ಕಾದು ಸುಸ್ತಾದ ಜನ ಪ್ಯಾಕೆಟ್ ಹಿಟ್ಟಿನ ಕಡೆ ತಿರುಗುತ್ತಿದ್ದರು, ಡಬ್ಬದ ಸಾಲು ಗಿಡ್ಡವಾಗುತ್ತಿತ್ತು. ಕಲ್ಲು, ಮೋಟಾರು ಎಲ್ಲಾ ಗುಜರಿಗೆ ಹಾಕಿ ತನ್ನ ಅಂಗಡಿಯಲ್ಲಿ ಬಂದು ಕೂರಲಿ ಅಂತ ಭಾಮೈದ ಹೇಳುತ್ತಲೇ ಇದ್ದ. ಅತ್ತಿಗೆ, ಅಂದರೆ ಗಿರಣಿಯಣ್ಣನ ಹೆಂಡತಿ, ತಮ್ಮನ ಮಾತಿಗೆ ಹೂಂ ಅಂದವರಲ್ಲ. “ಗಿರಣಿ ಶಬ್ದ ಇಲ್ದೆ ಈ ಮನುಷ್ಯ ಊಟ ಮಾಡಲ್ಲ ಕಣೋ. ಆ ಸ್ಟೂಲ್ ಮೇಲೆ ಕೂರಿಸಿದ್ರೆ ಆರು ತಿಂಗಳಿಗೆ ಹಾಸಿಗೆ ಹಿಡೀತಾರೆ” ಅಂತ ಅವನ ಮುಖಕ್ಕೇ ಹೇಳಿದ್ದರು.

ಅಂಥ ಹೊತ್ತಿನಲ್ಲಿ ಹಾಸ್ಟೆಲ್ ವಾರ್ಡನ್ ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಕರಿಹಲಗೆಯನ್ನು ಎರಡು ಸಲ ಓದಿದರು.

“ನೋಡಿ, ನಮ್ಮಲ್ಲಿ ಮುನ್ನೂರು ಹುಡುಗಿಯರು ಊಟ ಮಾಡ್ತಾರೆ. ಗೋಧಿ ನಾವು ಕೊಡ್ತೀವಿ, ಹಿಟ್ಟು ಮಾಡಿಕೊಡೋದು ನಿಮ್ಮ ಕೆಲಸ. ಗುರುವಾರ ಸಂಜೆ ಇಪ್ಪತ್ತು ಮೂಟೆ ಇಳಿಸ್ತೀವಿ, ಶುಕ್ರವಾರ ಸಂಜೆ ನಮ್ಮ ಲಾರಿ ಬರುತ್ತೆ. ಹೇಳಿದ ಹೊತ್ತಿಗೆ ಕೊಟ್ರೆ ಇನ್ನು ಪ್ರತಿ ವಾರ ನಿಮಗೇ. ಬೇರೆ ಗಿರಣಿಯವರನ್ನ ಯಾವಾಗ ಕೊಡ್ತೀರಿ ಅಂತ ಕೇಳಿದ್ರೆ ಕರೆಂಟ್ ಬಂದಾಗ ಅಂತಾರೆ. ನಿಮಗಾದ್ರೆ ಯಾವಾಗ ಬರುತ್ತೆ ಅಂತ ಗೊತ್ತಿದೆಯಲ್ಲ?”

ಗಿರಣಿಯಣ್ಣ ಒಮ್ಮೆ ಹಲಗೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದ. ಆದರೂ, “ಗೊತ್ತಿದೆ” ಅಂದ.

ವಾರ್ಡನ್ ಹೋದ ಮೇಲೆ ಅತ್ತಿಗೆ ಒಳಗಿನಿಂದ ಬಂದರು. “ರೀ, ಇಪ್ಪತ್ತು ಮೂಟೆಗೆ ಆರು ಗಂಟೆ ಕರೆಂಟ್ ಬೇಕು. ಒಂದೇ ದಿನ. ಇದು ಸಿಕ್ರೆ ಗಿರಣಿ ಉಳಿಯುತ್ತೆ, ಇಲ್ಲಾಂದ್ರೆ ಸ್ಟೂಲು. ನಿಜ ಹೇಳಿ, ನಿಮಗೆ ಯಾರ್ ಹೇಳ್ತಾರೆ ಹೊತ್ತು?”

“ಯಾರೂ ಇಲ್ಲ ಕಣೆ,” ಎಂದ ಗಿರಣಿಯಣ್ಣ ಸಣ್ಣ ದನಿಯಲ್ಲಿ. “ಒಳಗಿಂದ ಹೊಳೆಯುತ್ತೆ.”

ಅತ್ತಿಗೆ ಹಣೆ ಚಚ್ಚಿಕೊಂಡರು.

ಬುಧವಾರ ಬೆಳಿಗ್ಗೆ ಬೀದಿಯಲ್ಲಿ ಜೀಪು ನಿಂತಿತು. ಕರೆಂಟ್ ಆಫೀಸಿನ ಇಂಜಿನಿಯರ್ ಸಾಹೇಬರು ಇಳಿದರು. ಅವರ ಹಿಂದೆ, ಕಾಲು ಎಳೆಯುತ್ತ, ತಲೆ ತಗ್ಗಿಸಿದ ಒಬ್ಬ ತೆಳ್ಳನೆಯ ಮನುಷ್ಯ. ಊರಾಚೆಯ ಕರೆಂಟ್ ಸ್ಟೇಷನ್ನಿನಲ್ಲಿ ಸ್ವಿಚ್ಚು ಹಾಕುವ ಆಪರೇಟರ್ ಅಂತ ಆಮೇಲೆ ಗೊತ್ತಾಯಿತು. ಗಿರಣಿಯಣ್ಣ ಅವನನ್ನು ಗುರುತಿಸಲಿಲ್ಲ, ಕೈಯಲ್ಲಿ ಡಬ್ಬ ಇರಲಿಲ್ಲವಲ್ಲ. ನನ್ನನ್ನು ಸಾಕ್ಷಿ ಅಂತ ಒಳಗೆ ಕರೆದರು. ಬಾಗಿಲು ಹಾಕಿದರು.

“ಏನ್ರೀ,” ಎಂದು ಸಾಹೇಬರು ಹೊರಗಿನ ಹಲಗೆಯ ಕಡೆ ಕೈ ಮಾಡಿದರು, “ಇಲಾಖೆಯ ಗುಪ್ತ ವೇಳಾಪಟ್ಟಿ ಸೋರಿಕೆ ಮಾಡ್ತಿದೀರಂತೆ. ಇದು ಗಂಭೀರ ಅಪರಾಧ. ಎಲ್ಲಿಂದ ಸಿಗುತ್ತೆ ನಿಮಗೆ ಆ ಪಟ್ಟಿ?”

ಗಿರಣಿಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. “ಯಾವ ಪಟ್ಟಿ ಸಾರ್? ನಾನು ನೋಡೇ ಇಲ್ಲ.”

“ನಾನೂ ನೋಡಿಲ್ಲ!” ಎಂದು ಸಾಹೇಬರು ಗುಡುಗಿದರು. “ಅದೇ ತಲೆನೋವು! ನಮ್ಮಲ್ಲಿ ಅಂಥ ಪಟ್ಟಿನೇ ಇಲ್ಲ. ಹತ್ತು ವರ್ಷದಿಂದ ಇಲ್ಲ. ಇಲ್ಲದ ಪಟ್ಟೀನ ನೀವು ಹೇಗ್ರೀ ಸೋರಿಕೆ ಮಾಡ್ತೀರಾ?”

ಸಾಹೇಬರು ಬೆವರು ಒರೆಸಿಕೊಂಡರು. “ನಿಮ್ಮ ಬೀದಿಯಿಂದ ಎರಡು ವಾರದಲ್ಲಿ ಒಂದು ದೂರೂ ಬಂದಿಲ್ಲ. ದೂರು ಯಾಕೆ ಬರ್ತಿಲ್ಲ ಅಂತ ಮೇಲಿಂದ ನನಗೆ ನೋಟೀಸು ಬಂದಿದೆ. ಏನೋ ಅವ್ಯವಹಾರ ಇರಬೇಕು ಅಂತ ಅವರ ಅನುಮಾನ.” ಆಪರೇಟರ್ ಕಡೆ ತಿರುಗಿದರು. “ಹೇಳಯ್ಯಾ! ನೀನೇ ತಾನೆ ಸ್ವಿಚ್ ಹಾಕೋನು? ಇವನು ಬರೆದ ಹೊತ್ತಿಗೇ ಯಾಕೆ ಹಾಕ್ತೀಯಾ?”

ಆಪರೇಟರ್ ನೆಲ ನೋಡುತ್ತ ಬಾಯಿಬಿಟ್ಟ. “ಸಾರ್, ಇರೋ ಕರೆಂಟು ಊರಿನ ಮೂರು ಭಾಗದಲ್ಲಿ ಒಂದಕ್ಕೆ ಸಾಲುತ್ತೆ. ಯಾವುದಕ್ಕಾದ್ರೂ ಯಾವಾಗಾದ್ರೂ ಕೊಡು ಅಂತ ನೀವೇ ಹೇಳಿದ್ರಿ. ಮೊದಲ ಸಲ ನಮ್ಮತ್ತೆ ಬಂದು, ಗಿರಣಿಯವನು ಮೂರು ಗಂಟೆ ಅಂದಿದ್ದಾನೆ, ಮೂರಕ್ಕೆ ಬರ್ಲಿಲ್ಲ ಅಂದ್ರೆ ನೋಡ್ಕೋ ಅಂದ್ರು.”

“ನಿಮ್ಮತ್ತೇನಾ?”

“ನೀಲಿ ಡಬ್ಬದವರು ಸಾರ್.”

“ಓಹೋ! ನೀಲಿ ಡಬ್ಬ!” ಎಂದ ಗಿರಣಿಯಣ್ಣ, ಹಳೆಯ ನೆಂಟ ಸಿಕ್ಕಿದಂತೆ.

“ಹೆದರಿಕೆಗೆ ಹಾಕಿದೆ ಸಾರ್. ಮೂರು ದಿನ ಹಾಗೇ ಆಯ್ತು. ಆಮೇಲೆ ಇಲ್ಲಿ ಬೋರ್ಡ್ ಬಂತು. ಅತ್ತೆ ದಿನಾ ಬೆಳಿಗ್ಗೆ ಓದ್ಕೊಂಡು ಬಂದು ಹೇಳೋರು. ಅಷ್ಟು ದೊಡ್ಡದಾಗಿ ಗೋಡೆ ಮೇಲೆ ಬರೀತಾರೆ ಅಂದ್ರೆ ಮೇಲಿಂದಲೇ ಆರ್ಡರ್ ಬಂದಿರಬೇಕು ಅಂದ್ಕೊಂಡೆ. ನನಗೆ ಹೇಳ್ದೆ ಗಿರಣಿಗೆ ಹೇಳಿದಾರಲ್ಲ ಅಂತ ಸ್ವಲ್ಪ ಬೇಜಾರೂ ಆಯ್ತು.”

ಗಿರಣಿಯಣ್ಣನ ಮುಖ ನೋಡಲಾಗಲಿಲ್ಲ. ಒಳಗಿನಿಂದ ಹೊಳೆಯುತ್ತಿದ್ದದ್ದು ಹಿಂದಿನ ಓಣಿಯ ಅತ್ತೆಮ್ಮ ಅಂತ ಗೊತ್ತಾದ ಮನುಷ್ಯನ ಮುಖ ಹೇಗಿರಬೇಕೋ ಹಾಗೇ ಇತ್ತು. ನನಗೆ ನಗುವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಈಗ ಜೈಲೇ ಗತಿ ಅಂತ ನಾನು ಅಂದುಕೊಂಡೆ. ಆದರೆ ಅವರ ಮುಖ ನಿಧಾನವಾಗಿ ತಿಳಿಯಾಯಿತು.

“ಅಂದ್ರೆ, ಯಾರೋ ಒಬ್ಬರು ಹೊತ್ತು ಗೊತ್ತುಮಾಡಿದ್ರೆ ಸಾಕು, ಜನ ದೂರು ಕೊಡಲ್ಲ.”

“ಹೌದು ಸಾರ್.”

“ನಾವು ಗೊತ್ತುಮಾಡಿದ್ರೆ ತಪ್ಪಿದಾಗ ನಮ್ಮನ್ನ ಬೈತಾರೆ. ಇವರು ಮಾಡಿದ್ರೆ ಇವರನ್ನ ಬೈತಾರೆ.” ಅವರು ಗಿರಣಿಯಣ್ಣನ ಭುಜದ ಮೇಲೆ ಕೈಯಿಟ್ಟರು. ಕೈ ಬೆಳ್ಳಗಾಯಿತು. “ನೀವೇ ಬರೀರಿ. ಇವನು ಹಾಗೇ ಕೊಡ್ತಾನೆ. ಕಾಗದದಲ್ಲಿ ನಾನು ಇದನ್ನ ‘ಸಾರ್ವಜನಿಕರ ಸಹಭಾಗಿತ್ವ’ ಅಂತ ತೋರಿಸ್ತೀನಿ.”

ಆಗ ಹಿಟ್ಟಿನ ಚೀಲಗಳ ಹಿಂದಿನಿಂದ ಅತ್ತಿಗೆ ಎದ್ದು ಬಂದರು. ಅಷ್ಟೂ ಹೊತ್ತು ಅಲ್ಲೇ ಕೂತಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ.

“ಸಾರ್, ಹಾಗಾದ್ರೆ ಶುಕ್ರವಾರ ಹತ್ತರಿಂದ ನಾಲ್ಕು. ಒಂದೇ ಸಮ.”

ಸಾಹೇಬರು ತಲೆ ಕೆರೆದುಕೊಂಡು, ಉಳಿದ ಎರಡು ಭಾಗದವರಿಗೆ ರಿಪೇರಿ ಅಂತ ಹೇಳಿದರಾಯಿತು ಅಂತ ಒಪ್ಪಿಬಿಟ್ಟರು. ಜೀಪು ಹೋಯಿತು. ಗಿರಣಿ ಉಳಿಯಿತು. ಅತ್ತಿಗೆಯ ಕಣ್ಣಲ್ಲಿ ನೀರು ನಿಂತಿತ್ತು. ಗಂಡನ ಕೈ ಹಿಡಿದುಕೊಂಡು ಹೇಳಿದರು.

“ನೋಡಿ, ಇಷ್ಟೇ ಕೇಳ್ತೀನಿ. ಶುಕ್ರವಾರದ ಹೊತ್ತು ಹಲಗೆ ಮೇಲೆ ಬರೀಬೇಡಿ. ಆಪರೇಟರಿಗೆ ಗೊತ್ತು, ನಮಗೆ ಗೊತ್ತು, ಸಾಕು. ಸುಮ್ಮನೆ ಬೀಸಿ ಮುಗಿಸೋಣ.”

“ಹುಚ್ಚಾ ನನಗೆ? ಬರೆಯಲ್ಲ ಕಣೆ,” ಎಂದ ಗಿರಣಿಯಣ್ಣ.

ಗುರುವಾರ ಸಂಜೆಯವರೆಗೆ ಅವನು ಮಾತು ಉಳಿಸಿಕೊಂಡ. ಅವನ ಸಂಕಟ ನನಗೆ ಕಾಣುತ್ತಿತ್ತು. ಎರಡು ವಾರ ಕಣ್ಣುಮುಚ್ಚಿ ಬರೆದದ್ದೆಲ್ಲ ಅತ್ತೆಮ್ಮನ ದಯೆ. ಈಗ ಮೊದಲ ಸಲ ಅವನಿಗೆ ನಿಜವಾಗಿಯೂ ಹೊತ್ತು ಗೊತ್ತಿದೆ, ಬರೆಯುವ ಹಾಗಿಲ್ಲ! ಹಲಗೆಯ ಮುಂದೆ ಹೋಗುವನು, ಬರುವನು. ಜೇಬಿನಲ್ಲಿ ಸೀಮೆಸುಣ್ಣ ಮುಟ್ಟಿ ನೋಡಿಕೊಳ್ಳುವನು. ಆರು ಗಂಟೆಗೆ ಹಾಸ್ಟೆಲ್‌ನ ಮೂಟೆಗಳು ಇಳಿದವು. ಆಗಲೇ ಡಾಕ್ಟರು ಬಂದರು.

“ಏನು ಗಿರಣಿಯವರೇ, ನಾಳೆಯದು ಇನ್ನೂ ಬರೆದಿಲ್ಲ? ಮೇಲಿನವರು ಈ ಸಲ ನಿಮಗೂ ಹೇಳ್ಲಿಲ್ವಾ?” ಅಂದು ಸಣ್ಣಗೆ ನಕ್ಕರು.

ಆ ನಗುವೊಂದು ಇರಬಾರದಿತ್ತು. ಅತ್ತಿಗೆ ಒಳಗೆ ಒಲೆಯ ಮುಂದಿದ್ದರು. ಗಿರಣಿಯಣ್ಣ ಸರಸರ ಹೋಗಿ, ಬಿಳಿಯದು ಸಾಲದೆಂದು ಕೆಂಪು ಸೀಮೆಸುಣ್ಣದಲ್ಲಿ, ಹಲಗೆಯ ಈ ತುದಿಯಿಂದ ಆ ತುದಿಗೆ ಬರೆದ: ‘ಶುಕ್ರವಾರ ಹತ್ತರಿಂದ ನಾಲ್ಕು. ಆರು ಗಂಟೆ. ಒಂದೇ ಸಮ.’ ಕೆಳಗೆ ಎರಡು ಗೆರೆ ಬೇರೆ ಎಳೆದ.

ಆರು ಗಂಟೆ! ಆ ಸುದ್ದಿ ನಮ್ಮ ಬೀದಿಯಲ್ಲಿ ನಿಲ್ಲಲಿಲ್ಲ. ಉಳಿದ ಎರಡು ಭಾಗದಲ್ಲೂ ನಮಗೆಲ್ಲ ನೆಂಟರಿದ್ದಾರೆ, ಅವರಿಗೂ ಕೈಕಾಲಿದೆ. ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬರತೊಡಗಿದರು. ವರ್ಷಗಟ್ಟಲೆ ಬಾರದ ಚಿಕ್ಕಪ್ಪ ಮಿಕ್ಸಿ ಹೊತ್ತು ಬಂದ. ಮುನಿಸಿಕೊಂಡು ಹೋಗಿದ್ದ ನಾದಿನಿಯೊಬ್ಬಳು ಎರಡು ಗಂಟು ಬಟ್ಟೆ, ಒಂದು ಇಸ್ತ್ರಿ ಪೆಟ್ಟಿಗೆ ಸಮೇತ ಬಂದು ತನ್ನ ಅಣ್ಣನ ಹೆಂಡತಿಯ ಜೊತೆ ರಾಜಿಯಾದಳು. ಪ್ರತಿ ಮನೆಯಲ್ಲಿ ನೀರಿನ ಮೋಟಾರು, ಫ್ರಿಜ್ಜು, ನೀರು ಕಾಯಿಸುವ ಕಡ್ಡಿ ತಯಾರಾಗಿ ಕೂತವು. ವೆಲ್ಡಿಂಗ್‌ನವನು ಮೂರು ಗೇಟುಗಳನ್ನು ಸಾಲಾಗಿ ನಿಲ್ಲಿಸಿದ. ಡಾಕ್ಟರ ಬೆಂಚಿನ ಮೇಲೆ ಹದಿನಾಲ್ಕು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಡಬ್ಬದ ಸಾಲು ತಿರುವು ದಾಟಿ, ಟ್ರಾನ್ಸ್‌ಫಾರ್ಮರ್ ಕಂಬವನ್ನು ಒಂದು ಸುತ್ತು ಹಾಕಿ ನಿಂತಿತ್ತು.

ಆ ಟ್ರಾನ್ಸ್‌ಫಾರ್ಮರ್ ನಮ್ಮ ಬೀದಿಯಲ್ಲಿ ಹನ್ನೆರಡು ಮನೆಯಿದ್ದಾಗ ಹಾಕಿದ್ದು. ಅಂದಿನಿಂದ ಎಣ್ಣೆ ಸೋರಿಸುತ್ತ, ಗೊಣಗುತ್ತ ಹೇಗೋ ದಿನ ದೂಡುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮುಚ್ಚಿಡುವುದೇನು, ನಾನು ಎರಡು ಜೆರಾಕ್ಸ್ ಮೆಷಿನ್ನಿಗೂ ಪ್ಲಗ್ ಹಾಕಿದ್ದೆ, ಪಕ್ಕದವರ ಇಸ್ತ್ರಿ ಪೆಟ್ಟಿಗೆಗೂ ನನ್ನ ಗೋಡೆಯಲ್ಲೇ ಜಾಗ ಕೊಟ್ಟಿದ್ದೆ.

ಹತ್ತಕ್ಕೆ ಐದು ನಿಮಿಷ ಇರುವಾಗ ಅತ್ತಿಗೆ ಹೊರಗೆ ಬಂದು ಹಲಗೆ ನೋಡಿದರು. ಬೀದಿ ನೋಡಿದರು. ಗಂಡನನ್ನು ನೋಡಿದರು.

“ಬರೆದ್ರಾ?”

ಗಿರಣಿಯಣ್ಣ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಹುಡುಕತೊಡಗಿದ.

ಹತ್ತು ಗಂಟೆ. ಮೊದಲು ನನ್ನ ಫ್ಯಾನು ಅಲುಗಿತು. ಆಮೇಲೆ ಇಡೀ ಬೀದಿ ಒಂದೇ ಸಲ ಹೋ ಅಂತು. ಮೋಟಾರು, ಮಿಕ್ಸಿ, ವೆಲ್ಡಿಂಗಿನ ಚಟಪಟ, ಹಲ್ಲು ಕೊರೆಯುವ ಕೀರಲು, ಎಲ್ಲದರ ಮೇಲೆ ಗಿರಣಿಯ ಟುಕುಟುಕು. ಬೆಲ್ಟು ಓಡಿತು, ಕಲ್ಲು ತಿರುಗಿತು, ಹಿಟ್ಟು ಇಳಿಯುವ ಬಟ್ಟೆಯ ತೋಳು ಉಬ್ಬಿತು. ಗಿರಣಿಯಣ್ಣ ಕೈಯೊಡ್ಡಿದ. ಬೆಚ್ಚಗಿನ ಮೊದಲ ಹಿಡಿ ಹಿಟ್ಟು ಅವನ ಅಂಗೈಗೆ ಬಿತ್ತು. ಅವನು ಅತ್ತಿಗೆಯ ಕಡೆ ನೋಡಿ ನಕ್ಕ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಧಡ್!

ಕಂಬದ ಮೇಲಿಂದ ಕಪ್ಪು ಹೊಗೆ ಎದ್ದಿತು. ಬಟ್ಟೆಯ ತೋಳು ಮೆಲ್ಲಗೆ ಜೋತುಬಿತ್ತು. ಕಲ್ಲು ಇನ್ನೆರಡು ಸುತ್ತು ತಿರುಗಿ ನಿಂತಿತು. ಆ ನಿಶ್ಶಬ್ದದಲ್ಲಿ ಡಾಕ್ಟರ ಕುರ್ಚಿಯಿಂದ ಒಬ್ಬನ “ಆಂ?” ಎಂಬ ದನಿ ಮಾತ್ರ ಕೇಳಿಸಿತು.

ಹತ್ತು ಗಂಟೆ ಮೂರು ನಿಮಿಷ.

ಮೊದಲು ಎಲ್ಲರೂ ಮೆಲ್ಲಗೆ ತಮ್ಮ ತಮ್ಮ ಪ್ಲಗ್ ಕಿತ್ತರು. ಆಮೇಲೆ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. “ನಾನು ಬರೀ ಒಂದು ಮೋಟಾರ್ ಹಾಕಿದ್ದೆ.” “ನಾನು ಬರೀ ಒಂದು ಮಿಕ್ಸಿ.” “ನಮ್ಮದು ಬರೀ ಒಂದು ಕಡ್ಡಿ.” ಬೀದಿಯಲ್ಲಿ ಯಾರೂ ಎರಡು ಹಾಕಿದವರಿರಲಿಲ್ಲ. ನಾನೂ “ಬರೀ ಒಂದು ಜೆರಾಕ್ಸು” ಅಂದೆ. ತಪ್ಪಿತಸ್ಥ ಅಂತ ಯಾರಾದರೂ ಇರಲೇಬೇಕಲ್ಲ, ಎಲ್ಲರೂ ಹಲಗೆಯ ಕಡೆ ತಿರುಗಿದರು.

“ನಾಲ್ಕು ಗಂಟೆವರೆಗೆ ಅಂತ ಬರೆದಿದೀರಲ್ಲ! ಒಂದೇ ಸಮ ಅಂತ ಗೆರೆ ಬೇರೆ ಎಳೆದಿದೀರಾ!” ಎಂದು ಡಾಕ್ಟರು ಕೂಗಿದರು. ಕೈಯಲ್ಲಿ ಕೊರೆಯುವ ಕಡ್ಡಿ ಇತ್ತು.

ಗಿರಣಿಯಣ್ಣ ಹಿಟ್ಟಿನ ಕೈಯನ್ನೇ ಎತ್ತಿ ಮುಗಿದ. “ನನಗೆ ಏನೂ ಗೊತ್ತಿರಲಿಲ್ಲ! ಮೇಲೆ ಯಾರೂ ಇಲ್ಲ! ಬಾಯಿಗೆ ಬಂದದ್ದು ಹೇಳ್ತಿದ್ದೆ. ಅತ್ತೆಮ್ಮ ಹೋಗಿ ಅಳಿಯನಿಗೆ ಹೇಳೋರು, ಅವನು ಹೆದರಿ ಸ್ವಿಚ್ ಹಾಕೋನು. ಇಷ್ಟೇ ನಿಜ!”

ಎಲ್ಲರೂ ಒಮ್ಮೆ ಅತ್ತೆಮ್ಮನ ಕಡೆ ನೋಡಿದರು. ಆಮೇಲೆ ವೆಲ್ಡಿಂಗ್‌ನವನು ಬೇಸರದಿಂದ ತಲೆಯಾಡಿಸಿದ. “ನೋಡಿ ನೋಡಿ, ಹೇಗೆ ಜಾರ್ಕೋತಿದಾರೆ. ಕರೆಂಟ್ ಇಲಾಖೆ ಒಬ್ಬರ ಅತ್ತೆ ಮಾತು ಕೇಳಿ ನಡೆಯುತ್ತಾ? ಯಾರಿಗ್ ಹೇಳ್ತೀರಾ?” ಎರಡು ವಾರ ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಜನ, ನಿಜವನ್ನು ಒಂದು ನಿಮಿಷವೂ ನಂಬಲಿಲ್ಲ. ಅತ್ತೆಮ್ಮ ಮಾತ್ರ ಅಲ್ಲೇ ನಿಂತಿದ್ದರು. ಬಾಯಿ ತೆರೆಯಲಿಲ್ಲ. ನನಗೆ ತಿಳಿದ ಮಟ್ಟಿಗೆ ಜೀವನದಲ್ಲಿ ಅದೊಂದೇ ಸಲ.

ಸಂಜೆ ಲಾರಿ ಬಂತು. ವಾರ್ಡನ್ ಮೂಟೆಗಳನ್ನು ಮುಟ್ಟಿ ನೋಡಿ, ಕನ್ನಡಕ ತೆಗೆದು ಒರೆಸಿ, ಒಂದು ಮಾತೂ ಬೈಯದೆ ಲಾರಿಗೆ ಏರಿಸಿಕೊಂಡು ಹೋದರು. ಬೈದಿದ್ದರೇ ವಾಸಿಯಿತ್ತು.

ಹೊಸ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಹಾಕಬೇಕು ಅಂತ ನಾವೆಲ್ಲ ಸೇರಿ ಕರೆಂಟ್ ಆಫೀಸಿಗೆ ಹೋದೆವು. ಅರ್ಜಿಯನ್ನು ಕಾಗದದಲ್ಲಿ ತೆಗೆದುಕೊಳ್ಳುವುದಿಲ್ಲವಂತೆ, ಆಫೀಸಿನ ಕಂಪ್ಯೂಟರಿನಲ್ಲೇ ಹಾಕಬೇಕಂತೆ. ಆಫೀಸು ಇರುವುದು ನಮ್ಮ ಬೀದಿಯ ಲೈನಿನಲ್ಲೇ. ಟ್ರಾನ್ಸ್‌ಫಾರ್ಮರ್ ಬಂದ ತಕ್ಷಣ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಹಾಕಿಕೊಡುತ್ತೇವೆ ಅಂತ ಗುಮಾಸ್ತರು ಬಹಳ ಮರ್ಯಾದೆಯಿಂದ ಹೇಳಿದರು.

ಡಬ್ಬಗಳು ನಾಲ್ಕು ದಿನ ಕಾದವು. ಐದನೆಯ ದಿನ ಒಂದು ಹೋಯಿತು, ಆಮೇಲೆ ಎರಡು, ಆಮೇಲೆ ಹತ್ತು. ಕೊನೆಗೆ ನೀಲಿ ಡಬ್ಬ ಒಂದೇ ಉಳಿಯಿತು. ಮೂರು ವಾರವಾದ ಮೇಲೆ ಅತ್ತೆಮ್ಮ ಅದನ್ನೂ ಎತ್ತಿಕೊಂಡು, ನನ್ನ ಅಂಗಡಿಯ ಕಡೆ ನೋಡದೆ ಹೋದರು. ಮಾರನೆಯ ದಿನ ಗುಜರಿಯವರು ಬಂದು ಮೋಟಾರು ಬಿಚ್ಚಿದರು. ಕಲ್ಲುಗಳನ್ನು ಕೊಡಲು ಅತ್ತಿಗೆ ಒಪ್ಪಲಿಲ್ಲ, ಅವು ಈಗ ಅವರ ಮನೆಯ ಮೆಟ್ಟಿಲ ಪಕ್ಕ ಇವೆ.

ಈಗ ಗಿರಣಿಯಣ್ಣ ಭಾಮೈದನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರುತ್ತಾನೆ. ಮೈಯಲ್ಲಿ ಒಂದು ಚೂರು ಹಿಟ್ಟಿಲ್ಲ. ತೊಳೆದಿಟ್ಟ ಆ ಮುಖ ಯಾರದೋ ಅನ್ನಿಸುತ್ತದೆ. ಕೂತಲ್ಲೇ ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತಿರುತ್ತಾನೆ, ಹಿಟ್ಟು ನುಣ್ಣಗಾಯಿತೇ ಅಂತ ನೋಡುವ ಹಾಗೆ. ನಾನು ದಿನಾ ಹೋಗಿ ಮಾತಾಡಿಸಿ ಬರುತ್ತೇನೆ. ಎರಡು ಮೆಷಿನ್ನಿಗೂ ಪ್ಲಗ್ ಹಾಕಿದ್ದೆ ಅಂತ ಇನ್ನೂ ಹೇಳಿಲ್ಲ. ಹೇಳಲು ಬಾಯಿ ಬರುವುದಿಲ್ಲ, ನಾಚಿಕೆಯಾಗುತ್ತದೆ.

ಭಾಮೈದ ಮೊದಲು ಅವನನ್ನು ದಯೆಯಿಂದ ಕೂರಿಸಿಕೊಂಡಿದ್ದ. ಈಗ ಎರಡು ಹೊತ್ತೂ ತಾನೇ ಟೀ ತರಿಸಿಕೊಡುತ್ತಾನೆ. ಯಾಕೆಂದರೆ ಅಂಗಡಿಗೆ ಬಂದವರೆಲ್ಲ ಹಳೆಯ ಅಭ್ಯಾಸದಂತೆ, ಸುಮ್ಮನೆ ಬೆಲೆ ಕೇಳಲು ಬಂದವರೂ, ಸ್ಟೂಲಿನ ಕಡೆ ಬಗ್ಗಿ ದನಿ ತಗ್ಗಿಸಿ ಕೇಳುತ್ತಾರೆ, “ಕರೆಂಟ್ ಯಾವಾಗ?” ಗಿರಣಿಯಣ್ಣ ನಿಜವನ್ನೇ ಹೇಳುತ್ತಾನೆ, “ಗೊತ್ತಿಲ್ಲಪ್ಪ.” ಜನರ ಮುಖ ಬಿಳಿಚಿಕೊಳ್ಳುತ್ತದೆ. ಇವರಿಗೇ ಗೊತ್ತಿಲ್ಲ ಅಂದ ಮೇಲೆ ಮುಗಿಯಿತು ಅಂದುಕೊಂಡು, ಒಂದು ಬ್ಯಾಟರಿ ಕೊಳ್ಳಬೇಕೆಂದು ಬಂದವರು ಪೆಟ್ಟಿಗೆಯನ್ನೇ ಹೊರುತ್ತಾರೆ. ಅಂಗಡಿಗೆ ಇನ್ನೊಂದು ಮಹಡಿ ಏಳುತ್ತಿದೆ.

ಮೊನ್ನೆ ನಾನು ಅಲ್ಲೇ ಇದ್ದಾಗ ಜೀಪು ನಿಂತಿತು. ಇಂಜಿನಿಯರ್ ಸಾಹೇಬರು ಇಳಿದು ಬಂದು, ಆ ಕಡೆ ಈ ಕಡೆ ನೋಡಿ, ಮನೆಗೆ ಅಂತ ಒಂದು ಚಾರ್ಜಿಂಗ್ ಲಾಂದ್ರ ತೆಗೆದಿಟ್ಟರು. ಆಮೇಲೆ ಸ್ಟೂಲಿನ ಹತ್ತಿರ ಬಂದು, ಕಿವಿಯಲ್ಲಿ ಕೇಳಿದರು.

“ಅಲ್ರೀ, ನಿಮ್ಮ ಅಂದಾಜಿನಲ್ಲಿ ಯಾವಾಗ ಬರಬಹುದು?”

ಗಿರಣಿಯಣ್ಣ ಬೆರಳು ತಿಕ್ಕುವುದನ್ನು ನಿಲ್ಲಿಸಿ ಅವರನ್ನು ನೋಡಿದ. “ಅದನ್ನ ನೀವು ನಮಗೆ ಹೇಳ್ಬೇಕು ಸಾರ್.”

“ನನಗೇನ್ರೀ ಗೊತ್ತು? ನೀವು ಹೇಳಿ.”

“ನನಗೂ ಗೊತ್ತಿಲ್ಲ ಸಾರ್.”

ಸಾಹೇಬರು ಲಾಂದ್ರವನ್ನು ತಿರುಗಿಸಿ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಭಾಮೈದನ ಕಡೆ ತಿರುಗಿದರು.

“ಹಾಗಾದ್ರೆ ಎರಡು ಕೊಡಿ.”